ಕರಿ ಏಂಜಲ್ ಮೀನಿನ ಜೋಡಿ

ರಘುನಾಥ್ ತೀರಿಕೊಂಡ ಮೂರನೆಯ ತಿಂಗಳಿಗೆ ಅವನ ಹೆಂಡತಿ ಭಾಗ್ಯಮ್ಮ ಕೃಷ್ಣಗಿರಿಯ ಮನೆಗೆ ಬೀಗ ಜಡಿದು ಉದ್ದನಪಲ್ಲಿಗೆ, ತಂಗಿಯ ಮನೆಗೆ ಬಂದುಬಿಟ್ಟಳು. ಬಸ್ಸಿಳಿದಾಗ ಅವಳ ಒಂದು ಕೈಯಲ್ಲಿ ಬಟ್ಟೆಯ ಚೀಲ, ಇನ್ನೊಂದರಲ್ಲಿ ಮುಚ್ಚಳ ಬಿಗಿದ ಪೇಂಟಿನ ಬಕೆಟ್ಟು. ಕರೆದುಕೊಂಡು ಹೋಗಲು ಬಂದಿದ್ದ ತಂಗಿ ವರಲಕ್ಷ್ಮಿ ಬಕೆಟ್ಟಿಗೆ ಕೈ ಹಾಕಿದರೆ ಅವಳು ಬಿಡಲಿಲ್ಲ.

"ಬ್ಯಾಡ, ನಾನೇ ಹಿಡ್ಕಂತೀನಿ. ಕುಲುಕಿದ್ರೆ ಗಾಬರಿ ಬೀಳ್ತದೆ."

"ಏನೈತಕ್ಕಾ ಅದರಾಗೆ?"

"ನಿಮ್ಮ ಭಾವಂದು. ಕರಿ ಹೆಣ್ಣು."

ವರಲಕ್ಷ್ಮಿಗೆ ತಿಳಿಯಿತು. ಕೃಷ್ಣಗಿರಿಯ ಆ ಮನೆಯ ಮಹಡಿಯಲ್ಲಿ ಮೂವತ್ತು ಗಾಜಿನ ತೊಟ್ಟಿಗಳಿದ್ದವು. ರಘುನಾಥ್ ಕೋರ್ಟಿನಲ್ಲಿ ಗುಮಾಸ್ತ. ಹಗಲೆಲ್ಲ ಕಡತಗಳ ಮಧ್ಯೆ ಇದ್ದು, ಐದೂವರೆಗೆ ಸರಿಯಾಗಿ ಮನೆ ಸೇರಿ, ಚಪ್ಪಲಿ ಬಿಟ್ಟವನೇ ಮಹಡಿ ಹತ್ತುತ್ತಿದ್ದ. ಏಂಜಲ್ ಮೀನು ಮರಿ ಮಾಡಿಸುವುದರಲ್ಲಿ ಅವನ ಹೆಸರು ಸೇಲಂವರೆಗೂ ಹೋಗಿತ್ತು. ಅಂಗೈಯಗಲದ ಚಪ್ಪಟೆ ಮೈ, ಮೇಲಕ್ಕೂ ಕೆಳಕ್ಕೂ ಚಾಚಿದ ಉದ್ದನೆಯ ರೆಕ್ಕೆ, ನೀರಿನಲ್ಲಿ ಯಾರೋ ತೂಗುಹಾಕಿದಂತೆ ಅಲ್ಲಾಡದೆ ನಿಲ್ಲುವ ಆ ಮೀನುಗಳ ನಡುವೆಯೇ ಅವನು ಎದೆ ಹಿಡಿದುಕೊಂಡು ಬಿದ್ದದ್ದು. ಕರ್ಮ ಕಳೆದ ಮೇಲೆ ಸೇಲಂನಿಂದ ವ್ಯಾನು ಬಂದು ಎಲ್ಲವನ್ನೂ ತುಂಬಿಕೊಂಡು ಹೋಯಿತು. ಭಾಗ್ಯಮ್ಮ ಇದೊಂದನ್ನು ಮಾತ್ರ ಕೊಟ್ಟಿರಲಿಲ್ಲ.

ವರಲಕ್ಷ್ಮಿಯೂ ಅದೇ ಮೀನು ಸಾಕುತ್ತಿದ್ದಳು. ಎಂಟು ವರ್ಷದ ಹಿಂದೆ ಅವರ ಮನೆಯಲ್ಲಿ ರೇಷ್ಮೆ ಹುಳು ಮೇಯಿಸುವುದು ನಿಂತು, ಹುಳುಮನೆ ಖಾಲಿ ಬಿದ್ದಿದ್ದಾಗ, ಅಲ್ಲಿ ತೊಟ್ಟಿ ಇಡು ಎಂದು ಹೇಳಿ, ಮೊದಲ ಮರಿಗಳನ್ನು ತಂದುಕೊಟ್ಟು, ಪಾಠ ಹೇಳಿಕೊಟ್ಟವನು ಭಾವನೇ. ಅವಳು ಅದನ್ನೆಲ್ಲ ಒಂದು ಶಾಲೆಯ ನೋಟುಬುಕ್ಕಿನಲ್ಲಿ ಬರೆದುಕೊಂಡಿದ್ದಳು. "ಮೀನಿಗೆ ನಾವು ಹೆಣ್ಣು ನೋಡಿ ಗಂಡು ಗೊತ್ತು ಮಾಡಕ್ಕಾಗಲ್ಲ, ವರ. ಎಂಟು ಮರಿ ಒಂದೇ ತೊಟ್ಟಿಗೆ ಬಿಡು, ಬೆಳೀತಾ ಬೆಳೀತಾ ಅವೇ ಆರಿಸ್ಕಂತವೆ. ಒಂದು ದಿನ ಎರಡು ಮೀನು ಒಂದು ಮೂಲೆ ಹಿಡ್ದು ಮಿಕ್ಕವನ್ನೆಲ್ಲ ಓಡಿಸ್ತವೆ. ಅವೇ ಜೋಡಿ. ತೆಗೆದು ಬೇರೆ ಇಡು. ಕಚ್ಚಾಡ್ತವೆ, ಹೆದರ್ಬ್ಯಾಡ. ಬಾಯಿಗೆ ಬಾಯಿ ಕಚ್ಚಿ ಎಳೆದಾಡದೆ ಜೋಡಿ ಗಟ್ಟಿ ಆಗಲ್ಲ. ಜಾಸ್ತಿ ಆಯ್ತೋ, ನಡುವೆ ಒಂದು ಅಡ್ಡಗಾಜು ಇಳಿಸು. ಹತ್ತು ದಿನ ಒಂದನ್ನೊಂದು ನೋಡ್ಕಂಡಿರ್ಲಿ. ಆಮ್ಯಾಕೆ ತೆಗಿ."

ಅವತ್ತು ಕೃಷ್ಣಗಿರಿಯ ಮನೆಯಲ್ಲಿ ಅವನು ಹೀಗೆ ಹೇಳುತ್ತಾ ಇದ್ದಾಗ ಭಾಗ್ಯಮ್ಮ ಕಾಫಿ ತಂದಿಟ್ಟಳು. ಅವಳ ಕೆಳದುಟಿ ಊದಿ ಒಡೆದಿತ್ತು. ಬಾತ್‌ರೂಮಿನಲ್ಲಿ ಜಾರಿದಳು ಎಂದು ಅವನೇ ಹೇಳಿದ. ವರಲಕ್ಷ್ಮಿ ಅಕ್ಕನ ಮುಖ ನೋಡಿದಳು, ಅಕ್ಕ ನೆಲ ನೋಡಿದಳು. ವರಲಕ್ಷ್ಮಿ ಮತ್ತೆ ಬರೆಯತೊಡಗಿದಳು.

ಕರಿ ಹೆಣ್ಣಿಗೆ ಹುಳುಮನೆಯ ಹಿಂದಿನ ಗೋಡೆಯ ಪಕ್ಕ ಮೂರಡಿ ಉದ್ದದ ತೊಟ್ಟಿ ಸಿದ್ಧವಾಯಿತು. ನೀರು ಬೆಚ್ಚಗಿರಲೆಂದು ಹೀಟರು, ಗಾಳಿಯ ಕೊಳವೆಗೆ ಸಿಕ್ಕಿಸಿದ ಸ್ಪಂಜು, ಒಂದು ಮೂಲೆಯಲ್ಲಿ ಓರೆಯಾಗಿ ನಿಲ್ಲಿಸಿದ ಕಪ್ಪು ಕಲ್ಲಿನ ಪಟ್ಟಿ. ಏಂಜಲ್ ಮೀನು ಮೊಟ್ಟೆ ಅಂಟಿಸುವುದು ಅಂಥ ಕಡಿದಾದ ಜಾಗಕ್ಕೇ. ಒಂಟಿ ಮೀನಿಗೆ ಮೊಟ್ಟೆಯ ಕಲ್ಲು ಯಾಕೆ ಎಂದು ವರಲಕ್ಷ್ಮಿಗೇ ಅನ್ನಿಸಿತು. ಆದರೂ ಅಭ್ಯಾಸಬಲದಿಂದ ಇಟ್ಟಳು.

"ಇದ್ರ ಗಂಡು ಎಲ್ಲಕ್ಕಾ? ದೊಡ್ಡದೊಂದು ಇತ್ತಲ್ಲ, ಬೆಳ್ಳಿ ಬಣ್ಣದ್ದು?"

"ಅವರು ಹೋದ ದಿನವೇ ಅದೂ ಹೋಯ್ತು. ಜನ ಎಲ್ಲ ಹೋದ್ಮೇಲೆ ಮಹಡಿಗೆ ಹೋಗಿ ನೋಡಿದ್ರೆ ಮಗ್ಗುಲಾಗಿ ತೇಲ್ತಿತ್ತು."

ನಾಲ್ಕನೆಯ ದಿನ ಬೆಳಿಗ್ಗೆ ಮೇವು ಹಾಕಲು ಹೋದಾಗ ಮೀನಿನ ಬಾಯಿ ಬೆಳ್ಳಗಾಗಿತ್ತು. ವರಲಕ್ಷ್ಮಿ ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದಳು. ಕೆಳದುಟಿಯ ಚರ್ಮ ಕಿತ್ತು ನೂಲಿನಂತೆ ನೇತಾಡುತ್ತಿತ್ತು. ಮೇಲಿನ ರೆಕ್ಕೆಯ ತುದಿ ಹರಿದಿತ್ತು. ಎರಡು ಮೀನು ಕಾದಾಡಿದಾಗ ಆಗುವ ಗಾಯ ಅದು. ಎಂಟು ವರ್ಷದಲ್ಲಿ ನೂರು ಸಲ ನೋಡಿದ್ದಾಳೆ. ಆದರೆ ಆ ತೊಟ್ಟಿಯಲ್ಲಿ ಬೇರೆ ಮೀನೇ ಇಲ್ಲ.

ಅವಳ ಗಂಡ ಅಂಬರೀಶ್ ಹೊಸೂರಿನ ಫ್ಯಾಕ್ಟರಿಯಲ್ಲಿ ಮೊದಲ ಶಿಫ್ಟು ಮುಗಿಸಿ ನಾಲ್ಕೂವರೆಗೆ ಮನೆಗೆ ಬರುವವನು. ಬಂದವನಿಗೆ ತೋರಿಸಿದಳು.

"ಗಾಜಿನಾಗೆ ತನ್ನ ನೆರಳೇ ಕಾಣ್ತದಲ್ಲ. ಇನ್ನೊಂದು ಮೀನು ಅಂದ್ಕಂಡು ಗುದ್ದಿರ್ತದೆ ಬಿಡು" ಎಂದ ಅವನು.

ಅದು ಸರಿ ಅನ್ನಿಸಿತು. ವರಲಕ್ಷ್ಮಿ ತೊಟ್ಟಿಯ ಮೂರು ಬದಿಗೂ ಕಪ್ಪು ಹಾಳೆ ಅಂಟಿಸಿದಳು. ಎರಡು ದಿನ ಬಿಟ್ಟು ಮತ್ತೆ ಹೊಸ ಗಾಯ. ಕಲ್ಲಿನ ಅಂಚು ಕುಯ್ದಿರಬಹುದು ಎಂದು ಉಜ್ಜಿ ನುಣುಪು ಮಾಡಿಟ್ಟಳು. ಗಾಳಿಯ ಕೊಳವೆಯನ್ನು ಮೂಲೆಗೆ ಸರಿಸಿದಳು. ಬಾದಾಮಿ ಎಲೆ ಹಾಕಿ ನೀರನ್ನು ಚಹದ ಬಣ್ಣಕ್ಕೆ ತಂದಳು. ಬೆಳಕು ಕಡಿಮೆಯಾದರೆ ಏಂಜಲ್‌ಗಳ ಕೋಪ ಇಳಿಯುತ್ತದೆ. ಯಾವುದೂ ನಾಟಲಿಲ್ಲ. ಒಂದು ಗಾಯ ಮಾಯುವಷ್ಟರಲ್ಲಿ ಇನ್ನೊಂದು.

ಇನ್ನೊಂದು ವಿಷಯ ಅವಳ ಗಮನಕ್ಕೆ ಬಂದದ್ದು ಆಮೇಲೆ. ಮೂರಡಿ ತೊಟ್ಟಿಯಲ್ಲಿ ಮೀನು ಎಡಗಡೆಯ ಅರ್ಧದಲ್ಲಷ್ಟೇ ಇರುತ್ತಿತ್ತು. ಮೇವನ್ನು ಬಲಗಡೆ ಉದುರಿಸಿದರೆ ಅರ್ಧದವರೆಗೆ ಬಂದು, ಗೆರೆ ಎಳೆದಂತೆ ನಿಂತು, ರೆಕ್ಕೆ ಮಡಚಿಕೊಂಡು ವಾಪಸ್ಸಾಗುತ್ತಿತ್ತು. ದೊಡ್ಡ ಮೀನೊಂದು ಜಾಗ ಹಿಡಿದುಕೊಂಡು ಕೂತಾಗ ಚಿಕ್ಕದು ಹೀಗೆ ಮಾಡುತ್ತದೆ. ಉದುರಿಸಿದ ಮೇವು ಮಾತ್ರ ಸಂಜೆಗೆ ಬಲಗಡೆ ಒಂದು ಕಾಳೂ ಉಳಿದಿರುತ್ತಿರಲಿಲ್ಲ.

ಭಾಗ್ಯಮ್ಮ ಮನೆಯ ಕೆಲಸಕ್ಕೆಲ್ಲ ಕೈ ಹಾಕುತ್ತಿದ್ದಳು. ರಾಗಿ ಹಸನು ಮಾಡುವಳು, ತೋಟದಿಂದ ಹುರಳೀಕಾಯಿ ಬಿಡಿಸಿ ತರುವಳು. ಮಾತು ಕಡಿಮೆ. ಆದರೆ ಸಂಜೆ ಐದು ದಾಟಿತೆಂದರೆ ಏನು ಮಾಡುತ್ತಿದ್ದರೂ ಅಲ್ಲಿಗೇ ಬಿಟ್ಟು, ಹುಳುಮನೆಗೆ ಹೋಗಿ, ಕರಿ ಮೀನಿನ ಮುಂದೆ ಕುಕ್ಕರಗಾಲಲ್ಲಿ ಕೂರುತ್ತಿದ್ದಳು. ಬೆನ್ನನ್ನು ಗೋಡೆಗೆ ಒತ್ತಿ ಕೂರುತ್ತಿದ್ದಳು, ಬೆನ್ನ ಹಿಂದೆ ಕೂದಲೆಳೆಯಷ್ಟೂ ಜಾಗವಿಲ್ಲದ ಹಾಗೆ. ಆರು ಗಂಟೆಗೆ ಎದ್ದು ಬಂದು ಮುಖ ತೊಳೆದು ದೀಪ ಹಚ್ಚುವಳು. ಗಂಡ ಸಾಕಿದ ಮೀನು, ನೋಡಿಕೊಂಡು ದುಃಖ ಹಗುರ ಮಾಡಿಕೊಳ್ಳಲಿ ಎಂದು ವರಲಕ್ಷ್ಮಿ ಆ ಹೊತ್ತಿನಲ್ಲಿ ಅತ್ತ ಹೋಗುತ್ತಿರಲಿಲ್ಲ.

ಒಂದು ಶುಕ್ರವಾರ ಮೀನು ಕಲ್ಲನ್ನು ಶುಚಿ ಮಾಡತೊಡಗಿತು. ಗಾಯದ ಬಾಯಿಂದಲೇ ಕಲ್ಲನ್ನು ಚುಟುಚುಟು ಕಚ್ಚುತ್ತಾ ಪಾಚಿ ತೆಗೆಯಿತು. ಮರುದಿನ ಮಧ್ಯಾಹ್ನ ಕೆಳಗಿಂದ ಮೇಲಕ್ಕೆ, ಸಾಲು ಸಾಲಾಗಿ, ಸಾಸಿವೆಗಿಂತ ಸಣ್ಣ ಮೊಟ್ಟೆಗಳನ್ನು ಅಂಟಿಸುತ್ತಾ ಹೋಯಿತು. ಒಂಟಿ ಹೆಣ್ಣು ಮೊಟ್ಟೆ ಇಡುವುದು ಹೊಸದೇನಲ್ಲ. ಗಂಡು ಹಿಂದೆಯೇ ಬಂದು ಅವುಗಳ ಮೇಲೆ ಹಾಲು ಬಿಟ್ಟರೆ ಮಾತ್ರ ಜೀವ ಬರುತ್ತದೆ. ಇಲ್ಲದಿದ್ದರೆ ಎರಡನೆಯ ದಿನಕ್ಕೆ ಬಿಳಿಯಾಗಿ ಬೂಷ್ಟು ಹಿಡಿಯುತ್ತವೆ. ಆದರೆ ಈ ಮೀನು ಪ್ರತಿ ಸಾಲು ಇಟ್ಟಾದ ಮೇಲೆ ಪಕ್ಕಕ್ಕೆ ಸರಿದು ನಿಲ್ಲುತ್ತಿತ್ತು. ಯಾರಿಗೋ ದಾರಿ ಬಿಟ್ಟಂತೆ. ಒಂದು ಉಸಿರಿನ ಹೊತ್ತು ಕಾದು ಮತ್ತೆ ಬಂದು ಮುಂದಿನ ಸಾಲು.

ವರಲಕ್ಷ್ಮಿ ಕಡೆಯ ಸಾಲು ಮುಗಿಯುವವರೆಗೂ ನೋಡುತ್ತಾ ನಿಂತಳು. ಅವಳು ಯಾರಿಗೂ ಹೇಳಲಿಲ್ಲ. ಎರಡನೆಯ ದಿನ ಮೊಟ್ಟೆ ಬಿಳಿಯಾಗಲಿಲ್ಲ. ಮೂರನೆಯ ದಿನ ಒಂದೊಂದು ಮೊಟ್ಟೆಯಿಂದಲೂ ಒಂದೊಂದು ಬಾಲ ಹೊರಟು, ಕಲ್ಲಿನ ತುಂಬಾ ಇನ್ನೂರು ಬಾಲಗಳು ಒಟ್ಟಿಗೆ ನಡುಗುತ್ತಿದ್ದವು.

"ಬೇರೆ ತೊಟ್ಟಿ ನೀರು ಏನಾದ್ರೂ ಹಾಕಿದ್ದೇನೋ" ಎಂದ ಅಂಬರೀಶ್, ತಲೆ ಕೆರೆದುಕೊಂಡು. "ಆ ನೀರ್ನಾಗೆ ಗಂಡಿಂದು ಇದ್ದಿರಬೌದು."

"ಬೋರ್‌ವೆಲ್ ನೀರು ಬಿಟ್ರೆ ಒಂದು ಚೊಂಬು ಕೂಡ ಬೇರೆ ಹಾಕಿಲ್ಲ ಕಣ್ರೀ."

"ಹಂಗಾದ್ರೆ ನಂಗೆ ಗೊತ್ತಿಲ್ಲಮ್ಮ" ಎಂದು ಅವನು ಹೊರಗೆ ಹೋದ. ಆಮೇಲೆ ಅವನು ಆ ತೊಟ್ಟಿಯ ಕಡೆ ಬರಲಿಲ್ಲ.

ಮರಿಗಳು ಈಜತೊಡಗಿದ ದಿನ ವರಲಕ್ಷ್ಮಿ ಅವುಗಳಿಗೆ ಸಣ್ಣ ಸೀಗಡಿಯ ಹುಡಿ ತೆಗೆದುಕೊಂಡು ಹೋಗುವಷ್ಟರಲ್ಲಿ ಹೊತ್ತಾಗಿತ್ತು. ಬಾಗಿಲು ತಳ್ಳಿ ಒಳಗೆ ಹೋದರೆ ಅಕ್ಕ ಆಗಲೇ ಗೋಡೆಗೊರಗಿ ಕೂತಿದ್ದಾಳೆ. ಕಿಟಕಿಯಿಂದ ಇಳಿಬಿಸಿಲು ಓರೆಯಾಗಿ ತೊಟ್ಟಿಯ ಒಳಕ್ಕೆ ಬಿದ್ದು, ಕಂದು ನೀರು ಬೆಳಗುತ್ತಿತ್ತು. ಮರಿಗಳ ಮೋಡವೊಂದು ತಾಯಿಯ ಹಿಂದೆ. ತಾಯಿ ಬಲಕ್ಕೆ ಮುಖ ಮಾಡಿ, ರೆಕ್ಕೆಯನ್ನೆಲ್ಲ ಬಿಚ್ಚಿ, ಕಿವಿರು ಉಬ್ಬಿಸಿ ನಿಂತಿದೆ. ಅದರ ಎದುರಿಗೆ ಬರೀ ನೀರು.

ಇದ್ದಕ್ಕಿದ್ದಂತೆ ಅದು ಮುಂದಕ್ಕೆ ನುಗ್ಗಿ ತಟ್ಟನೆ ನಿಂತಿತು. ಬಾಯಿ ತೆರೆದೇ ಇತ್ತು, ಯಾವುದಕ್ಕೋ ಸಿಕ್ಕಿಕೊಂಡಂತೆ. ಬಾಲ ಬಡಿದು ಹಿಂದಕ್ಕೆ ಎಳೆಯಿತು. ಬರಲಾಗಲಿಲ್ಲ. ಆಮೇಲೆ ಅದರ ಇಡೀ ಮೈ ಬಲಕ್ಕೆ ಎಳೆಯಲ್ಪಟ್ಟಿತು. ತನ್ನ ಶಕ್ತಿಯಿಂದ ಈಜಿದ್ದಲ್ಲ ಅದು, ಹಿಡಿದು ಎಳೆದದ್ದು. ಕಲ್ಲಿಗೆ ಬಡಿದು, ಗಾಜಿಗೆ ಬಡಿದು, ಕಡೆಗೆ ಬಿಡುಗಡೆಯಾಗಿ, ತೂರಾಡುತ್ತಾ ಎಡಮೂಲೆಗೆ ಬಂದು ಮರಿಗಳ ಮುಂದೆ ಮತ್ತೆ ಅಡ್ಡ ನಿಂತಿತು. ತುಟಿಯಿಂದ ಚರ್ಮದ ಹೊಸ ಎಳೆ ಜೋತಾಡುತ್ತಿತ್ತು.

ವರಲಕ್ಷ್ಮಿಯ ಕೈಯಿಂದ ಬಟ್ಟಲು ಬಿತ್ತು. ಭಾಗ್ಯಮ್ಮ ತಲೆ ಎತ್ತಲಿಲ್ಲ.

"ನೋಡ್ದಾ" ಎಂದಳು.

"ಅಕ್ಕಾ... ಏನದು?"

"ಕೂತ್ಕ. ಆರು ಗಂಟೆ ತನಕ ಎದ್ದೇಳ್ಬ್ಯಾಡ."

ಇಬ್ಬರೂ ಪಕ್ಕಪಕ್ಕ ಕೂತರು. ಇನ್ನೆರಡು ಸಲ ಹಾಗೆಯೇ ಆಯಿತು. ಆಮೇಲೆ ನೀರು ತಿಳಿಯಾಯಿತು. ಮೀನಿನ ರೆಕ್ಕೆಗಳು ನಿಧಾನವಾಗಿ ಸಡಿಲಗೊಂಡವು. ಆಗ ಭಾಗ್ಯಮ್ಮ ಬಾಯಿ ಬಿಟ್ಟಳು. ಎಷ್ಟೋ ವರ್ಷದ ಮಾತನ್ನು ಹೇಳುವವಳಂತಲ್ಲ, ನಿನ್ನೆ ಸಂತೆಗೆ ಹೋಗಿಬಂದದ್ದನ್ನು ಹೇಳುವವಳಂತೆ ಹೇಳಿದಳು.

"ಹದಿಮೂರನೇ ದಿನದ ಕಾರ್ಯ ಮುಗೀತಲ್ಲ, ನೀವೆಲ್ಲ ಊರಿಗೆ ಹೊರಟ್ರಿ. ಮಾರನೇ ದಿನ ಅಡುಗೆಮನೆಯಾಗೆ ನಿಂತಿದ್ದೆ. ಐದೂವರೆ. ಹಿಂದ್ಲಿಂದ ಯಾರೋ ತುರುಬು ಹಿಡ್ದಂಗಾಯ್ತು. ತಿರುಗಿ ನೋಡೋ ಹಂಗಿಲ್ಲ, ಅಷ್ಟು ಬಿಗಿ. ಅವರು ಹಿಡೀತಿದ್ದಿದ್ದೂ ಹಂಗೇ. ಬಿಡಿಸ್ಕಂಡು ಮಹಡಿಗೆ ಓಡ್ದೆ. ಮಿಕ್ಕವನ್ನೆಲ್ಲ ವ್ಯಾನಿನೋರು ಬೆಳಿಗ್ಗೇನೇ ತಗಂಡು ಹೋಗಿದ್ರು, ಮೇಲ್ಗಡೆ ಈ ಕರೀದು ಒಂದೇ ಇತ್ತು. ನನ್ನ ಬಿಟ್ಬಿಟ್ಟು ಅದನ್ನ ಹಿಡ್ಕಂಡ್ರು. ಕಣ್ಣಾರೆ ನೋಡ್ದೆ. ಅದಕ್ಕೆ ಏಟು ಬೀಳ್ತಾ ಇರೋ ತನಕ ನಂಗೆ ಏನೂ ಇಲ್ಲ."

"ಅವತ್ತಿಂದ?"

"ಅವತ್ತಿಂದ ಆ ಹೊತ್ಗೆ ಇದರ ಮುಂದೆ ಬಂದು ಕೂತ್ಕಂತೀನಿ. ಇಬ್ಬರಾಗೆ ಒಬ್ಬರನ್ನ ಆರಿಸ್ಕಂತಾರೆ. ಇಲ್ಲೀ ತನಕ ಅದನ್ನೇ ಆರಿಸ್ಕಂಡವ್ರೆ." ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು. "ಪಾಪ, ಒಂಟಿ ಮೀನು ಅಂತ ನಾನು ತಂದಿದ್ದಲ್ಲ ಕಣೆ ವರ. ನನ್ನ ಬದ್ಲು ಇರ್ಲಿ ಅಂತ ತಂದೆ."

ವರಲಕ್ಷ್ಮಿ ಬಿದ್ದಿದ್ದ ಬಟ್ಟಲನ್ನು ಎತ್ತಿಕೊಂಡಳು. ಅದನ್ನು ಮಡಿಲಲ್ಲಿಟ್ಟುಕೊಂಡು ಹೇಳಿದಳು: "ಬಾತ್‌ರೂಮಾಗೆ ಜಾರಿದ್ದಲ್ಲ ಅಂತ ನಂಗೆ ಅವತ್ತೇ ಗೊತ್ತಿತ್ತಕ್ಕ."

"ನಿಂಗೆ ಗೊತ್ತೈತೆ ಅಂತ ನಂಗೂ ಗೊತ್ತಿತ್ತು" ಎಂದಳು ಭಾಗ್ಯಮ್ಮ. ಅದರಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ವರಲಕ್ಷ್ಮಿಗೆ ಎಷ್ಟೋ ಹಗುರವಾಗುತ್ತಿತ್ತು.

ಮರುದಿನ ಬೆಳಿಗ್ಗೆ ಪೂಜಾರಿಯನ್ನು ಕರೆಸೋಣ, ಅಂಚೆಟ್ಟಿ ಕಡೆ ಯಾರೋ ಇದ್ದಾರಂತೆ ಎಂದು ವರಲಕ್ಷ್ಮಿ ಹೇಳಿದಳು. ಭಾಗ್ಯಮ್ಮ ಬೇಡವೆಂದಳು. ಬೆಳಗಿನಿಂದ ಅವಳು ಹುಳುಮನೆಯಲ್ಲಿಯೇ ಇದ್ದಳು. ಮರಿಗಳನ್ನು ನೋಡುತ್ತಿದ್ದಳು. ಇನ್ನೂರರಲ್ಲಿ ಈಗ ಅರ್ಧವೂ ಇರಲಿಲ್ಲ. ತಾಯಿ ಏಂಜಲ್ ಹೆದರಿದಾಗ ತನ್ನ ಮರಿಗಳನ್ನು ತಾನೇ ನುಂಗಿಬಿಡುವುದುಂಟು. ಆದರೆ ಈ ತಾಯಿ ಒಂದನ್ನೂ ಮುಟ್ಟಿದ್ದನ್ನು ಅವಳು ಕಾಣಲಿಲ್ಲ. ಗೆರೆ ದಾಟಿ ಬಲಕ್ಕೆ ಹೋದ ಮರಿಗಳು ಹಾಗೆಯೇ ಕಾಣೆಯಾಗುತ್ತಿದ್ದವು, ಒಂದೊಂದಾಗಿ, ದೀಪ ಆರಿದಂತೆ.

ಮಧ್ಯಾಹ್ನ ಅವಳು ಬಂದು ತಂಗಿಯನ್ನು ಕೇಳಿದಳು: "ನಿಮ್ಮ ಭಾವ ಅಡ್ಡಗಾಜಿನ ವಿಷಯ ಹೇಳಿದ್ರಲ್ಲ. ಅದು ಐತಾ?"

ಅಡ್ಡಗಾಜು ಇತ್ತು. ನಾಲ್ಕು ಗಂಟೆಗೆ ಇಬ್ಬರೂ ಸೇರಿ ಅದನ್ನು ತೊಟ್ಟಿಯ ಮಧ್ಯಕ್ಕೆ ಇಳಿಸಿದರು. ಎಡಕ್ಕೆ ತಾಯಿ, ಮರಿ. ಬಲಕ್ಕೆ ಖಾಲಿ ನೀರು. ಗಾಜು ತಳ ಮುಟ್ಟಿದ ಕೂಡಲೇ ಬಲಗಡೆಯಿಂದ ಟಕ್ ಎಂದಿತು. ಬೆರಳಿನ ಗೆಣ್ಣಿನಿಂದ ತಟ್ಟಿದಂತೆ. ವರಲಕ್ಷ್ಮಿ ಕೈ ಹಿಂದಕ್ಕೆ ತೆಗೆದುಕೊಂಡಳು. ಮತ್ತೆ ಟಕ್. ಗಾಜಿನ ಮೇಲೆ ಕಟ್ಟಿಕೊಂಡಿದ್ದ ಸಣ್ಣ ಗುಳ್ಳೆಗಳು ಒಂದು ಕಡೆ ಮಾತ್ರ, ಮೀನಿನ ಬಾಯಿಯಷ್ಟು ಅಗಲಕ್ಕೆ, ಅಳಿಸಿಹೋಗಿದ್ದವು.

"ಇವತ್ತು ಬ್ಯಾಗ ಬಂದವ್ರೆ" ಎಂದಳು ಭಾಗ್ಯಮ್ಮ. "ತಡಮಾಡ್ಬ್ಯಾಡ. ಅದನ್ನ ಎತ್ತು."

ಕರಿ ಹೆಣ್ಣನ್ನು ಬಲೆ ಹಾಕದೆ, ಗಾಯಕ್ಕೆ ನೋವಾಗದಂತೆ, ಅಗಲ ಬಾಯಿಯ ಮಗ್ಗಿನಲ್ಲಿ ನೀರಿನ ಸಮೇತ ಎತ್ತಿದರು. ಮರಿಗಳನ್ನು ಸಣ್ಣ ಪೈಪಿನಲ್ಲಿ ಎಳೆದು ಬೋಗುಣಿಗೆ ಇಳಿಸಿದರು. ಎಲ್ಲವನ್ನೂ ಹುಳುಮನೆಯ ಮುಂಬಾಗಿಲ ಹತ್ತಿರದ ಬೇರೆ ತೊಟ್ಟಿಗೆ ಸೇರಿಸುವ ಹೊತ್ತಿಗೆ ಐದಾಗಿತ್ತು. ವರಲಕ್ಷ್ಮಿಗೆ ಆಗ ಹೊಳೆಯಿತು. ಇಬ್ಬರಲ್ಲಿ ಒಬ್ಬರನ್ನು ಆರಿಸಿಕೊಳ್ಳುವವನಿಗೆ ಇನ್ನು ಉಳಿದದ್ದು ಒಬ್ಬಳೇ.

"ಅಕ್ಕಾ, ನೀನು ಮನೆ ಒಳೀಕೆ ಹೋಗು. ಬ್ಯಾಡ, ಊರೊಳೀಕೆ ಹೋಗು. ನಾನು ನೋಡ್ಕಂತೀನಿ."

"ಎಲ್ಲೀಗೆ ಅಂತ ಹೋಗ್ಲಿ? ಕೃಷ್ಣಗಿರಿಯಿಂದ ಇಲ್ಲೀಗೆ ಬಂದಿಲ್ವಾ?" ಭಾಗ್ಯಮ್ಮ ಖಾಲಿ ತೊಟ್ಟಿಯ ಮುಂದೆ ಬಂದು ಅಡ್ಡಗಾಜನ್ನು ಎತ್ತಿ ತೆಗೆದಳು. ಆಮೇಲೆ ಕೂತಳು. ಈ ಸಲ ಗೋಡೆಗೆ ಒರಗಲಿಲ್ಲ. ಹುಳುಮನೆಯ ನಡುವೆ, ಬೆನ್ನ ಹಿಂದೆ ಜಾಗವೆಲ್ಲ ತೆರೆದಿಟ್ಟು, ಚಕ್ಕಳಮಕ್ಕಳ ಹಾಕಿ ಕೂತಳು. "ಅವರು ಇರೋದು ಈ ನೀರ್ನಾಗೇ. ಖಾಲಿ ಮಾಡೋ ಪೈಪು ಹಾಕು. ನಂಗೆ ಏನಾದ್ರೂ ಆಗ್ಲಿ, ನೀನು ನಿಲ್ಲಿಸ್ಬ್ಯಾಡ."

ವರಲಕ್ಷ್ಮಿ ಪೈಪಿನ ಒಂದು ತುದಿಯನ್ನು ತೊಟ್ಟಿಯ ತಳಕ್ಕೆ ಬಿಟ್ಟು, ಇನ್ನೊಂದನ್ನು ಬಾಯಿಂದ ಹೀರಿ ಮೋರಿಯತ್ತ ಎಸೆದಳು. ನೀರು ಗಳಗಳ ಇಳಿಯತೊಡಗಿತು. ಹಿಂದಿನ ಬಾಳೆಗಿಡಗಳ ಬುಡಕ್ಕೆ ಹೋಗುವ ಮೋರಿ ಅದು. ಕಾಲುಭಾಗ ಇಳಿಯಿತು. ಹೊರಗೆ ರಸ್ತೆಯಲ್ಲಿ ಟೊಮೇಟೊ ತುಂಬಿದ ಗಾಡಿಯೊಂದು ರಾಯಕೋಟೆಯತ್ತ ಹೋದ ಸದ್ದು ಕೇಳಿಸಿತು. ಅಕ್ಕನ ಕಡೆ ನೋಡಿದಳು.

ಭಾಗ್ಯಮ್ಮನ ತಲೆ ಹಿಂದಕ್ಕೆ ವಾಲಿತು. ನಿಧಾನವಾಗಿ ಅಲ್ಲ, ಜಗ್ಗಿದಂತೆ, ಗಂಟಲ ನರ ಉಬ್ಬುವಷ್ಟು. ಬಿಗಿಯಾಗಿ ಸುತ್ತಿದ್ದ ತುರುಬು ಬಿಚ್ಚಿಕೊಂಡು, ಅರ್ಧ ಬಿಳಿಯಾದ ಕೂದಲು ಹಿಂದಕ್ಕೆ ಗಾಳಿಯಲ್ಲಿ ನೇರವಾಗಿ ನಿಂತಿತು. ಬೆನ್ನ ಮೇಲೆ ಬೀಳಲಿಲ್ಲ. ವರಲಕ್ಷ್ಮಿ ಓಡಿ ಬಂದಳು. "ಪೈಪು!" ಎಂದಳು ಭಾಗ್ಯಮ್ಮ, ಹಲ್ಲು ಕಚ್ಚಿಕೊಂಡೇ. ಕೈಗಳನ್ನು ಮೊಣಕಾಲ ಮೇಲೆ ಇಟ್ಟುಕೊಂಡಿದ್ದಳು. ಬಿಡಿಸಿಕೊಳ್ಳಲು ಹೋಗಲಿಲ್ಲ. ಅವಳ ಕಣ್ಣು ಮಾತ್ರ ಇಳಿಯುತ್ತಿದ್ದ ನೀರಿನ ಮಟ್ಟದ ಮೇಲಿತ್ತು.

ನೀರು ಅರ್ಧಕ್ಕೆ ಬಂದಾಗ ಕೂದಲು ಸ್ವಲ್ಪ ಸಡಿಲವಾಯಿತು. ಒಂದು ಗೇಣಿಗೆ ಇಳಿದಾಗ ಜಾರಿ ಬೆನ್ನ ಮೇಲೆ ಬಿತ್ತು. ಭಾಗ್ಯಮ್ಮ ಕತ್ತು ನೀವಿಕೊಳ್ಳುತ್ತಾ ಎದ್ದು ಬಂದು ತೊಟ್ಟಿಯ ಪಕ್ಕ ನಿಂತಳು.

ನಾಲ್ಕು ಬೆರಳಿನಷ್ಟು ನೀರು ಉಳಿದಾಗ ಅದು ಅಲ್ಲಾಡತೊಡಗಿತು. ಪೈಪಿನ ಕಡೆ ಅಲ್ಲ, ಮಧ್ಯದಲ್ಲಿ. ಅಂಗೈಯಗಲದ ಒಂದು ಜಾಗದಲ್ಲಿ ನೀರು ಎದ್ದು ಎದ್ದು ಚೆಲ್ಲುತ್ತಿತ್ತು. ಎರಡು ಬೆರಳಿಗೆ ಬಂದಿತು, ಒಂದಕ್ಕೆ ಬಂದಿತು. ಪೈಪು ಗೊರಗೊರ ಎಂದು ಗಾಳಿ ಎಳೆದು ನಿಂತಿತು. ಆಗ ಕೇಳಿಸಿತು. ತಪ್. ತಪ್ ತಪ್. ನೀರಿಲ್ಲದ ಗಾಜಿನ ಮೇಲೆ ಮೀನು ಮಗ್ಗುಲಾಗಿ ಬಿದ್ದು ಬಡಿದುಕೊಳ್ಳುವ ಸದ್ದು. ತಳದಲ್ಲಿ ನಾಲ್ಕು ಬಾದಾಮಿ ಎಲೆ ಬಿಟ್ಟರೆ ಏನೂ ಇರಲಿಲ್ಲ. ಆ ಎಲೆಗಳು ಏಟು ಬಿದ್ದಂತೆ ಹಾರಿ ಹಾರಿ ಬೀಳುತ್ತಿದ್ದವು.

ಎಂಟು ವರ್ಷ ಮೀನು ಸಾಕಿದ ಕೈ. ವರಲಕ್ಷ್ಮಿಗೆ ತಾನೇನು ಮಾಡುತ್ತಿದ್ದೇನೆಂದು ತಿಳಿಯುವ ಮೊದಲೇ ಪಕ್ಕದ ಬಕೆಟ್ಟಿನಿಂದ ಮಗ್ಗು ತುಂಬ ನೀರು ಮೊಗೆದು ತೊಟ್ಟಿಯ ಮೇಲಕ್ಕೆ ಎತ್ತಿದ್ದಳು. ಭಾಗ್ಯಮ್ಮ ಅವಳ ಮುಂಗೈ ಹಿಡಿದುಕೊಂಡಳು.

"ಅವತ್ತು ಓಡ್ದೆ ವರ. ಅವರು ಬಿದ್ದಾಗ. ಎದೆ ಒತ್ತಿದೆ, ಬಾಯಿಗೆ ನೀರು ಬಿಟ್ಟೆ, ಬರಿಗಾಲಾಗೆ ರಸ್ತೆಗೆ ಓಡಿ ಆಟೋ ತಂದೆ. ಏನೇನು ಮಾಡ್ಬೇಕೋ ಎಲ್ಲಾ ಮಾಡ್ದೆ." ಅವಳ ಹಿಡಿತ ಬಿಗಿಯಾಯಿತು. "ಇವತ್ತು ಓಡಲ್ಲ."

ತಪ್ ತಪ್ ಎನ್ನುವುದು ಜೋರಾಯಿತು, ಆಮೇಲೆ ತಡೆತಡೆದು ಬಂತು. ಭಾಗ್ಯಮ್ಮ ತೊಟ್ಟಿಯೊಳಕ್ಕೆ ಬಗ್ಗಿದಳು. ಇಪ್ಪತ್ತಾರು ವರ್ಷ ಗಂಡನನ್ನು 'ರೀ' ಎನ್ನುವುದು ಬಿಟ್ಟು ಬೇರೇನೂ ಕರೆದವಳಲ್ಲ.

"ಸಾಕು ಕಣಯ್ಯ" ಎಂದಳು. "ಹೋಗು. ಸಾಕು."

ಒಂದು ಎಲೆ ಇನ್ನೊಮ್ಮೆ ಅದುರಿತು. ಆಮೇಲೆ ಎಲ್ಲವೂ ನಿಂತಿತು. ಇಬ್ಬರೂ ಹಾಗೆಯೇ ನಿಂತಿದ್ದರು, ಕಿಟಕಿಯ ಬಿಸಿಲು ಗೋಡೆಯ ಮೇಲಿಂದ ಸೂರಿಗೆ ಏರುವವರೆಗೆ. ಭಾಗ್ಯಮ್ಮ ಅಳಲಿಲ್ಲ. ಅತ್ತವಳು ವರಲಕ್ಷ್ಮಿ. ಅಕ್ಕನ ಕೂದಲನ್ನು ಬಾಚಿ ಜಡೆ ಹಾಕುತ್ತಾ, ನೆತ್ತಿಯ ಹಿಂದೆ ಕೆಂಪಗೆ ಎದ್ದಿದ್ದ ನಾಲ್ಕು ಬೆರಳ ಗುರುತು ಕಂಡಾಗ ಅವಳಿಗೆ ತಡೆಯಲಾಗಲಿಲ್ಲ.

ತೊಟ್ಟಿಯನ್ನು ಅಂಬರೀಶ್ ಹೊರಗೆ ತೆಗೆದುಕೊಂಡು ಹೋಗಿ ಗಾಜನ್ನು ಒಂದೊಂದಾಗಿ ಬಿಡಿಸಿ, ತಿಪ್ಪೆಯ ಹಿಂದೆ ಗುಂಡಿ ತೋಡಿ ಹೂತ. ಯಾಕೆ ಎಂದು ಕೇಳಲಿಲ್ಲ.

ಕರಿ ಹೆಣ್ಣಿನ ಬಾಯಿ ಹನ್ನೆರಡು ದಿನಕ್ಕೆ ಮಾಯಿತು. ಅದು ಈಗ ತೊಟ್ಟಿಯ ಉದ್ದಕ್ಕೂ ಓಡಾಡುತ್ತಿತ್ತು. ವರಲಕ್ಷ್ಮಿ ಒಮ್ಮೆ ಒಳ್ಳೆಯ ಗಂಡೊಂದನ್ನು ಪಕ್ಕದ ತೊಟ್ಟಿಗೆ ತಂದು ಬಿಟ್ಟು ನೋಡಿದಳು. ಗಂಡು ಗಾಜಿಗೆ ಅಂಟಿಕೊಂಡು ರೆಕ್ಕೆ ಬಿಚ್ಚಿ ಕುಣಿಯಿತು. ಹೆಣ್ಣು ಅತ್ತ ಬೆನ್ನು ಮಾಡಿ ಮೇವು ತಿನ್ನುತ್ತಿತ್ತು. ವರಲಕ್ಷ್ಮಿ ಆ ಗಂಡನ್ನು ಮತ್ತೆ ಅದರ ಜಾಗಕ್ಕೆ ಒಯ್ದಳು. ಅವತ್ತೇ ನೋಟುಬುಕ್ಕು ತೆಗೆದು, ಕಚ್ಚಾಡದೆ ಜೋಡಿಯಾಗುವುದಿಲ್ಲ ಎಂದು ಬರೆದಿದ್ದ ಹಾಳೆಯನ್ನು ಹರಿದು ಒಲೆಗೆ ಹಾಕಿದಳು. ಜಗಳವಾಡದೆಯೂ ಜೋಡಿಯಾದ ಮೀನುಗಳು ಅವಳ ಹುಳುಮನೆಯಲ್ಲೇ ನಾಲ್ಕಾರು ಇದ್ದವು. ಪುಸ್ತಕದಲ್ಲಿ ಇಲ್ಲವೆಂದು ಅವಳು ಅವನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ಮರಿಗಳಲ್ಲಿ ಎಪ್ಪತ್ತು ಉಳಿದವು. ಎರಡು ತಿಂಗಳಿಗೆ ರೂಪಾಯಿಯ ಅಗಲ ಬೆಳೆದು, ಪುಟ್ಟ ರೆಕ್ಕೆ ಮೂಡಿ, ನಿಜವಾದ ಏಂಜಲ್‌ಗಳಾದವು. ಮೀನಿನಂಗಡಿಯ ಬಾಲಾಜಿ ಹೊಸೂರಿನಿಂದ ಬಂದು ನೋಡಿ ಮೆಚ್ಚಿದ.

"ರೊಂಬ ಚೆನ್ನಾಗವೆ ಅಕ್ಕಾ. ಇವುಕ್ಕೆ ಅಪ್ಪ ಯಾವ್ದು? ತೋರ್ಸಿ."

"ಅಪ್ಪ ಇಲ್ಲ" ಎಂದಳು ಭಾಗ್ಯಮ್ಮ. ಈಗ ಮೀನುಗಳ ಕೆಲಸ ಹೆಚ್ಚುಪಾಲು ಅವಳದೇ. ಗಾಳಿ ತುಂಬಿದ ಚೀಲಗಳಲ್ಲಿ ಮರಿಗಳನ್ನು ಎಣಿಸಿ ಹಾಕಿ ರಬ್ಬರು ಬಿಗಿದು ಕೊಟ್ಟಳು. ಒಂದನ್ನು ಮಾತ್ರ ಕೊಡಲಿಲ್ಲ.

ಅದು ಎಲ್ಲಕ್ಕಿಂತ ಬೇಗ ಬೆಳೆದಿತ್ತು. ತಾಯಿ ಕರಿ, ಅಣ್ಣತಮ್ಮಂದಿರೆಲ್ಲ ಕರಿ. ಅದೊಂದೇ ಬೆಳ್ಳಿ ಬಣ್ಣ. ಮೇವಿಗೆ ಬಂದವರನ್ನು ಅಟ್ಟಿಸಿಕೊಂಡು ಹೋಗಿ ರೆಕ್ಕೆ ಕಚ್ಚುತ್ತಿತ್ತು. ತೊಟ್ಟಿಯ ಅರ್ಧವನ್ನು ಆಗಲೇ ತನ್ನದು ಮಾಡಿಕೊಂಡಿತ್ತು.

ಬಾಲಾಜಿ ಹೋದ ಮೇಲೆ ವರಲಕ್ಷ್ಮಿ ಅದರ ಮುಂದೆ ನಿಂತು ಸಣ್ಣ ದನಿಯಲ್ಲಿ ಕೇಳಿದಳು: "ಇದನ್ನ ಏನ್ಮಾಡಾನ ಅಕ್ಕ?"

ಭಾಗ್ಯಮ್ಮ ಬಗ್ಗಿ ನೋಡಿದಳು. ಆ ಮೀನೂ ಗಾಜಿನ ಹತ್ತಿರ ಬಂದು ಅವಳನ್ನು ನೋಡಿತು.

"ಇನ್ನೂ ಚಿಕ್ಕದು ಕಣೆ" ಎಂದಳು. ಬಲೆಯಲ್ಲಿ ಅದನ್ನು ಹಿಡಿದು, ಅದಕ್ಕಿಂತ ಎರಡರಷ್ಟಿದ್ದ ಹತ್ತು ಮೀನುಗಳ ತೊಟ್ಟಿಗೆ ಬಿಟ್ಟಳು. ಎರಡು ದಿನ ಅದು ಎಲೆಯ ಹಿಂದೆ ಬಣ್ಣ ಕಳೆದುಕೊಂಡು ನಿಂತಿತ್ತು. ಯಾರೂ ಅದನ್ನು ಕಚ್ಚಲಿಲ್ಲ, ಯಾರೂ ಅದಕ್ಕೆ ದಾರಿಯನ್ನೂ ಬಿಡಲಿಲ್ಲ. ಮೂರನೆಯ ದಿನ ಮೇವು ಹಾಕಿದಾಗ ಎಲ್ಲರ ಕೊನೆಗೆ ಬಂದು ಉಳಿದದ್ದನ್ನು ತಿಂದಿತು. ಭಾಗ್ಯಮ್ಮ ಒಂದು ಚಿಟಿಕೆ ಮೇವನ್ನು ಅದರ ಹತ್ತಿರ ಉದುರಿಸಿದಳು, ಆದರೆ ಅದು ತಿಂದು ಮುಗಿಸುವವರೆಗೂ ಅದರ ಮೇಲಿನ ಕಣ್ಣು ತೆಗೆಯಲಿಲ್ಲ.